ಹುಕ್ಕೇರಿ ಸೀಮೆಯ ಹಿತ್ತಲಿಗೆ ಕಪ್ಪು ಹಣ್ಣಿನ ಬೇಲಿ

ಬ್ಲ್ಯಾಕ್‌ಬೆರಿ ತಂಪು ನಾಡಿನ ಮುಳ್ಳುಗಿಡ. ಗುಲಾಬಿಯ ಕುಟುಂಬಕ್ಕೆ ಸೇರಿದ ರೂಬಸ್ ಎಂಬ ಕುಲ ಇದರದು. ಯುರೋಪ್ ಮತ್ತು ಉತ್ತರ ಅಮೆರಿಕದ ಕಾಡಂಚು, ಬೇಲಿಸಾಲುಗಳು ತವರು. ಬೇರು ಹಲವು ವರ್ಷ ಬದುಕಿದರೂ ಬುಡದಿಂದ ಏಳುವ ಕೋಲುಗಳಿಗೆ ಎರಡೇ ವರ್ಷ ಆಯುಸ್ಸು. ಮೊದಲ ವರ್ಷ ಕೋಲು ಎಲೆ ಬಿಟ್ಟು ಉದ್ದಕ್ಕೆ ಬೆಳೆಯುತ್ತದೆ, ಎರಡನೆಯ ವರ್ಷ ಹೂಬಿಟ್ಟು ಹಣ್ಣು ಕೊಟ್ಟು ಒಣಗಿಹೋಗುತ್ತದೆ. ಈ ಎರಡು ವರ್ಷಗಳ ನಡುವೆ ಗಿಡಕ್ಕೆ ಒಂದು ಗಟ್ಟಿ ಚಳಿಗಾಲ ಬೇಕು. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ ತಾಸುಗಳನ್ನು ಕೂಡಿಸಿದರೆ, ತಳಿಗೆ ತಕ್ಕಂತೆ 200ರಿಂದ 900ರವರೆಗೆ ಆಗಬೇಕು. ಅಷ್ಟು ಚಳಿ ಸಿಗದಿದ್ದರೆ ಮೊಗ್ಗಿನ ಕಣ್ಣುಗಳು ಸರಿಯಾಗಿ ಒಡೆಯುವುದಿಲ್ಲ. ಗಿಡ ಹಸಿರಾಗಿಯೇ ಇರುತ್ತದೆ, ಹಣ್ಣು ಮಾತ್ರ ಕಾಣುವುದಿಲ್ಲ.

ಬೆಲ್ಲದ ಬಾಗೇವಾಡಿಯಲ್ಲಿ, ಹಾಗೆಯೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಉಳಿದ ಊರುಗಳಲ್ಲಿ, ಈ ಲೆಕ್ಕ ಕೂಡಿಬರುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳು ಇಲ್ಲಿ ಹಿತವಾದ ಚಳಿ ತರುತ್ತವೆ, ಆದರೆ 7 ಡಿಗ್ರಿಯ ಕೆಳಗಿನ ತಾಸುಗಳು ಸಿಗುವುದೇ ಅಪರೂಪ. ಇನ್ನೊಂದು ತುದಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 38 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬ್ಲ್ಯಾಕ್‌ಬೆರಿಯ ಹೂ 32-35 ಡಿಗ್ರಿಗೇ ಸೋಲುತ್ತದೆ. ಪರಾಗ ಬಲಹೀನವಾಗಿ ಹಣ್ಣಿನ ಕಾಳುಗಳು ಅರ್ಧಂಬರ್ಧ ಕಟ್ಟುತ್ತವೆ. ಮಣ್ಣಿನ ವಿಷಯದಲ್ಲೂ ಒಪ್ಪಂದವಿಲ್ಲ. ಬ್ಲ್ಯಾಕ್‌ಬೆರಿಗೆ ತುಸು ಹುಳಿ ಗುಣದ, ನೀರು ಬಸಿದುಹೋಗುವ ಮಣ್ಣು ಬೇಕು; ಘಟಪ್ರಭೆಯ ನೀರಾವರಿ ಸೀಮೆಯ ಎರೆ ಭೂಮಿ ಕ್ಷಾರದ ಕಡೆಗೆ ವಾಲಿದ್ದು, ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ. ಅಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣಾಂಶ ದಕ್ಕದೆ ಎಲೆ ಹಳದಿಗೆ ತಿರುಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ.

ಹಾಗೂ ಬೆಳೆಸಲೇಬೇಕು ಎನ್ನುವವರಿಗೆ ಇರುವ ದಾರಿ ಒಂದೇ: ಕುಂಡ, ಮತ್ತು ಮೊದಲ ವರ್ಷದ ಕೋಲಿನಲ್ಲೇ ಹಣ್ಣು ಬಿಡುವ ಹೊಸ ತಳಿ. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯ ಹೊರತಂದ ಪ್ರೈಮ್-ಆರ್ಕ್ ಸಾಲಿನ ತಳಿಗಳು ಈ ಬಗೆಯವು. ಅವುಗಳಲ್ಲಿ ಫ್ರೀಡಂ ಎಂಬುದಕ್ಕೆ ಮುಳ್ಳೂ ಇಲ್ಲ. ಹದಿನೆಂಟು ಇಂಚಿನ ಕುಂಡದಲ್ಲಿ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಬೆರೆಸಿ ನೆಟ್ಟು, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳು ಬರುವ ಪೂರ್ವದ ಗೋಡೆಗೆ ಇಡಬೇಕು. ಬೇಸಿಗೆಯಲ್ಲಿ ನೆರಳು ಬಲೆ ತಪ್ಪಿಸುವಂತಿಲ್ಲ. ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಒಂದು ಬಟ್ಟಲು ಹಣ್ಣು ಬಂದರೆ ಅದೇ ದೊಡ್ಡದು. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ರೂಬಸ್ ನೀವಿಯಸ್ ಎಂಬ ಕಪ್ಪು ಹಣ್ಣಿನ ಜಾತಿಗೆ ಚಳಿಯ ಹಂಗು ಕಡಿಮೆ. ಹೊರದೇಶಗಳಲ್ಲಿ ಅದು ‘ಮೈಸೂರು ರಾಸ್ಪ್‌ಬೆರಿ’ ಎಂದೇ ಹೆಸರಾಗಿದೆ. ಆದರೆ ಅದಕ್ಕೆ ಬೇಕಾದದ್ದು ಬೆಟ್ಟದ ಮಂಜು, ತೇವ; ಬಯಲಿನ ಒಣ ಬೇಸಿಗೆಯಲ್ಲ. ಹಿಡಿಸಿದ ಕಡೆ ಅದು ಮಾಡುವ ರಂಪಾಟವೂ ಕಡಿಮೆಯದಲ್ಲ: ಗಲಾಪಗೋಸ್ ದ್ವೀಪಗಳಲ್ಲಿ ಸ್ಥಳೀಯ ಸಸ್ಯಗಳನ್ನು ಮುಚ್ಚಿಹಾಕಿದ ಕಳೆಗಿಡಗಳಲ್ಲಿ ಇದೂ ಒಂದು.

ಸಸಿ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ‘ಬ್ಲ್ಯಾಕ್‌ಬೆರಿ’ ಎಂಬ ಚೀಟಿ ಹಚ್ಚಿ ಮಾರುವ ಸಸಿ ಎಷ್ಟೋ ಸಲ ಹಿಪ್ಪುನೇರಳೆಯಾಗಿರುತ್ತದೆ, ಕೆಲವು ಸಲ ನೇರಳೆ ಮರದ ಸಸಿಯೂ ಆಗಿರುತ್ತದೆ. ನಿಜವಾದ ಬ್ಲ್ಯಾಕ್‌ಬೆರಿಯ ಎಲೆ ಮೂರು ಅಥವಾ ಐದು ಕಿರುಎಲೆಗಳಾಗಿ ಒಡೆದಿರುತ್ತದೆ, ಗುಲಾಬಿಯ ಎಲೆಯನ್ನು ನೋಡಿದವರಿಗೆ ಥಟ್ಟನೆ ಗುರುತಾಗುತ್ತದೆ. ಹಿಪ್ಪುನೇರಳೆಯದು ಒಂಟಿ ಎಲೆ, ಅಂಚಿಗೆ ಗರಗಸ, ಚಿವುಟಿದರೆ ಹಾಲು. ನೇರಳೆಯದು ನುಣುಪಾದ ದಪ್ಪ ಎಲೆ, ಹಿಸುಕಿದರೆ ಘಮ.

ಹಿಪ್ಪುನೇರಳೆಯೇ ಬಂದರೂ ನಷ್ಟವೇನಿಲ್ಲ. ಕಾಳು ಕಾಳಾಗಿ ಕೂಡಿಕೊಂಡ ಅದರ ಕಪ್ಪು ಹಣ್ಣು ನೋಟಕ್ಕೆ ಬ್ಲ್ಯಾಕ್‌ಬೆರಿಯನ್ನೇ ಹೋಲುತ್ತದೆ, ಈ ಸೀಮೆಯ ಬಿಸಿಲನ್ನೂ ತಾಳುತ್ತದೆ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಮೂರು-ನಾಲ್ಕು ಕಣ್ಣಿರುವ ಕಡ್ಡಿಯನ್ನು ಓರೆಯಾಗಿ ನೆಟ್ಟರೆ ಸಾಕು, ಚಿಗುರುತ್ತದೆ. ರೇಷ್ಮೆಗೆಂದು ಬೆಳೆಸುವ ವಿ-1ರಂಥ ತಳಿಗಳು ಸೊಪ್ಪಿಗಾಗಿ ಆರಿಸಿದವು. ಹಣ್ಣಿಗಾಗಿ ನೆಡುವವರು ಹಣ್ಣು ಬಿಟ್ಟಿರುವ ಮರವನ್ನು ಕಣ್ಣಾರೆ ಕಂಡು, ಅದರಿಂದಲೇ ಕಡ್ಡಿ ತರುವುದು ಲೇಸು. ಡಿಸೆಂಬರಿನಲ್ಲಿ ಕೊಂಬೆ ಸವರಿ ಉಳಿದ ಎಲೆ ಉದುರಿಸಿದರೆ ಹೊಸ ಚಿಗುರಿನ ಜೊತೆಯಲ್ಲೇ ಹಣ್ಣೂ ಬರುತ್ತದೆ. ಹಣ್ಣು ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಬಟ್ಟೆಗೆ ತಾಗಿದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಬಟ್ಟೆ ಒಣಹಾಕುವ ತಂತಿಯ ಹತ್ತಿರವಂತೂ ಈ ಮರ ಬೇಡ.

ಆದರೆ ಬ್ಲ್ಯಾಕ್‌ಬೆರಿ ತನ್ನ ನಾಡಿನಲ್ಲಿ ಮಾಡುವ ಎರಡು ಕೆಲಸ, ಅಂದರೆ ಮುಳ್ಳುಬೇಲಿಯಾಗಿ ನಿಲ್ಲುವುದು ಮತ್ತು ಬೇಸಿಗೆಯ ಕೊನೆಗೆ ಕಪ್ಪು ಹಣ್ಣು ಕೊಡುವುದು, ಇವೆರಡನ್ನೂ ಬೆಳಗಾವಿ ಜಿಲ್ಲೆಯಲ್ಲಿ ಮಾಡಿಕೊಂಡು ಬಂದಿರುವ ಗಿಡ ಕವಳಿ. ಮೇ ತಿಂಗಳು ಬಂತೆಂದರೆ ಖಾನಾಪುರ, ಜಾಂಬೋಟಿ ಕಡೆಯ ಕಾಡಂಚಿನ ಊರುಗಳ ಹೆಂಗಸರು ಬುಟ್ಟಿಯಲ್ಲಿ ಕವಳಿ ಹಣ್ಣು ಹೊತ್ತು ಬೆಳಗಾವಿಯ ಪೇಟೆಗೆ ಬರುತ್ತಾರೆ, ಎಲೆಯ ದೊನ್ನೆಯಲ್ಲಿ ಅಳೆದು ಕೊಡುತ್ತಾರೆ. ಮರಾಠಿ ಮಾತಾಡುವವರಿಗೆ ಅದು ಕರವಂದ, ಕರಾವಳಿಯವರಿಗೆ ಕರಂಡೆ. ಇದು ಕಾಡಿನಿಂದಲೇ ಬರಬೇಕು ಎಂದೇನಿಲ್ಲ. ಹುಕ್ಕೇರಿ ಸೀಮೆಯ ಹಿತ್ತಲಲ್ಲಿ ಇದನ್ನು ಬೆಳೆಸುವುದು ಬ್ಲ್ಯಾಕ್‌ಬೆರಿಗಿಂತ ಎಷ್ಟೋ ಸುಲಭ.

ಕವಳಿಯ ಶಾಸ್ತ್ರೀಯ ಹೆಸರು ಕ್ಯಾರಿಸ್ಸ ಕರಂಡಾಸ್; ಕಣಗಿಲೆ, ನಿತ್ಯಪುಷ್ಪಗಳ ಕುಟುಂಬಕ್ಕೆ ಸೇರಿದ್ದು. ಬಿಟ್ಟರೆ ಎಂಟು-ಹತ್ತು ಅಡಿ ಎತ್ತರಕ್ಕೆ ಪೊದೆಯಾಗಿ ಬೆಳೆಯುತ್ತದೆ, ವರ್ಷವಿಡೀ ಹಸಿರು. ಎಲೆ ಜೋಡಿಜೋಡಿಯಾಗಿ ಎದುರುಬದುರು, ದಪ್ಪ, ಮೇಲೆ ಹೊಳಪು. ಗೆಣ್ಣಿನಲ್ಲಿ ಒಂದು ಇಂಚು, ಒಂದೂವರೆ ಇಂಚಿನ ಮುಳ್ಳುಗಳು, ಕೆಲವಕ್ಕೆ ತುದಿಯಲ್ಲಿ ಕವಲು. ಹೂ ಬಿಳಿ, ಮೊಗ್ಗಿನ ಹೊರಮೈಗೆ ಕೆಲವೊಮ್ಮೆ ನಸುಗುಲಾಬಿ. ಐದು ದಳ, ಮಲ್ಲಿಗೆಯನ್ನು ನೆನಪಿಸುವ ಸುವಾಸನೆ. ಗಿಡದ ಯಾವ ಭಾಗ ಮುರಿದರೂ ಬಿಳಿ ಹಾಲು ಒಸರುತ್ತದೆ. ಕಾಯಿ ಹಸಿರು, ಬಲಿತಂತೆ ಕೆಂಪು, ಹಣ್ಣಾದಾಗ ನೇರಳೆ ಮಿಶ್ರಿತ ಕಪ್ಪು. ಒಳಗಿನ ತಿರುಳು ಕೆಲವು ಹಣ್ಣಿನಲ್ಲಿ ರಕ್ತಗೆಂಪು, ಕೆಲವದರಲ್ಲಿ ಬಿಳಿಚು. ಮರಾಠಿ ಸೀಮೆಯ ಮಕ್ಕಳು ಕಚ್ಚಿ ನೋಡುವ ಮೊದಲು ‘ಹುಂಜವೋ ಕೋಳಿಯೋ’ ಎಂದು ಪಣ ಕಟ್ಟುವುದು ಈ ಬಣ್ಣದ ಮೇಲೆಯೇ. ಕೆಂಪು ಬಂದರೆ ಹುಂಜ.

ಕುಟುಂಬದ ಮಾತು ಬಂದದ್ದರಿಂದ ಒಂದು ಮುನ್ನೆಚ್ಚರಿಕೆ. ಕವಳಿಯ ಹಣ್ಣು ತಿನ್ನಲು ಯೋಗ್ಯ. ಅದರ ಬಂಧುವಾದ ಕಣಗಿಲೆ ಬೇರಿನಿಂದ ಹೂವಿನವರೆಗೂ ವಿಷ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ನೆಡುವ ರೂಢಿ ಕೆಲವು ಮನೆಗಳಲ್ಲಿದೆ. ಮಕ್ಕಳು ಕೈ ಹಾಕಿ ಹಣ್ಣು ಕೀಳುವ ಬೇಲಿಯಲ್ಲಿ ಕಣಗಿಲೆ ಇರಲೇಬಾರದು.

ತಳಿಯ ಆಯ್ಕೆ ಹಣ್ಣನ್ನು ಯಾವುದಕ್ಕೆ ಬಳಸಬೇಕು ಎಂಬುದನ್ನು ಅವಲಂಬಿಸಿದೆ. ಕಾಡಿನ ಕವಳಿಯ ಹಣ್ಣು ಸಣ್ಣದು, ರುಚಿ ಗಾಢ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’ ದಪ್ಪ ಹಣ್ಣಿನದು. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್ ತಳಿಗಳ ಕಾಯಿ ಬಿಳಿಯ ಮೇಲೆ ಗುಲಾಬಿ ಬಣ್ಣ ಬಳಿದಂತೆ ನೋಡಲು ಚಂದ. ಉಪ್ಪಿನಕಾಯಿಗೆ, ಸಕ್ಕರೆ ಪಾಕಕ್ಕೆ ಹೇಳಿಮಾಡಿಸಿದವು. ಬಾಯಿಗೆ ಹಾಕಿಕೊಳ್ಳುವ ಕಪ್ಪು ಹಣ್ಣೇ ಬೇಕೆಂದರೆ ಸಸಿ ಕೊಳ್ಳುವಾಗ ಹಣ್ಣಿನ ಬಣ್ಣ ಕೇಳಿ ತಿಳಿಯಬೇಕು. ಗೋಕಾಕ ಸಮೀಪದ ಅರಭಾವಿಯಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ; ತಳಿ, ಮಣ್ಣಿನ ವಿಚಾರದಲ್ಲಿ ಸಲಹೆ ಬೇಕಾದವರಿಗೆ ಅದು ಕೈಗೆಟಕುವ ದೂರ.

ಬೀಜದಿಂದ ಬೆಳೆಸುವುದು ಅಗ್ಗದ ದಾರಿ, ಬೇಲಿಗೆ ಸಾಕಾಗುವಂಥದ್ದು. ಚೆನ್ನಾಗಿ ಕಳಿತ ಹಣ್ಣನ್ನು ನೀರಿನಲ್ಲಿ ಹಿಸುಕಿ, ಲೋಳೆ ಹೋಗುವಂತೆ ಬೀಜ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ ಕೂಡಲೇ ಬಿತ್ತಬೇಕು. ಕವಳಿ ಬೀಜ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯುವಂಥದ್ದಲ್ಲ, ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ. ಮೇ ಕೊನೆಯಲ್ಲಿ ತಿಂದ ಹಣ್ಣಿನ ಬೀಜ ಜೂನ್ ಮೊದಲಲ್ಲೇ ಪ್ಲಾಸ್ಟಿಕ್ ಚೀಲ ಸೇರಿದರೆ ಕಾಲವೂ ಸರಿಹೊಂದುತ್ತದೆ. ಮೊಳಕೆ ಬರಲು ಎರಡು-ಮೂರು ವಾರ. ಆಮೇಲಿನ ಬೆಳವಣಿಗೆ ನಿಧಾನ. ಸಸಿ ಒಂದು ವರ್ಷ ಚೀಲದಲ್ಲೇ ಇದ್ದು ಮುಂದಿನ ಮಳೆಗಾಲಕ್ಕೆ ನೆಲ ಕಾಣಬೇಕು. ಬೀಜದ ಗಿಡಗಳಲ್ಲಿ ಒಂದರ ಹಣ್ಣು ಇನ್ನೊಂದರಂತೆ ಇರುವುದಿಲ್ಲ. ಒಂದು ಹುಳಿ, ಒಂದು ಸಿಹಿ. ಬೇಲಿಗೆ ಇದು ದೋಷವೇನಲ್ಲ.

ಇಷ್ಟವಾದ ಗಿಡದ ಗುಣವೇ ಬೇಕೆಂದರೆ ಗೂಟಿ ಕಟ್ಟಬೇಕು. ಜೂನ್-ಜುಲೈನಲ್ಲಿ ಒಂದು ವರ್ಷ ವಯಸ್ಸಿನ, ಬೆರಳು ದಪ್ಪದ ಕೊಂಬೆ ಆರಿಸಿ, ಸುತ್ತಲೂ ಒಂದಿಂಚು ಅಗಲದಷ್ಟು ತೊಗಟೆ ಬಿಡಿಸಬೇಕು. ಕೂಡಲೇ ಹಾಲು ಸುರಿಯುತ್ತದೆ; ಒರೆಸಿ, ಹರಿಯುವುದು ನಿಂತ ಮೇಲೆ ಗಾಯದ ಮೇಲಂಚಿಗೆ ಬೇರು ಬರಿಸುವ ಪುಡಿ ಹಚ್ಚಬೇಕು. ಈ ಪುಡಿ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಒದ್ದೆ ಮಾಡಿ ಹಿಂಡಿದ ಪಾಚಿ ಇಲ್ಲವೇ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಷ್ಟು ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಎರಡು ತಿಂಗಳ ಸುಮಾರಿಗೆ ಹಾಳೆಯೊಳಗೆ ಬೇರು ಕಂಡಾಗ ಕೆಳಗೆ ಕತ್ತರಿಸಿ, ಕುಂಡದಲ್ಲಿ ನೆರಳಿಗಿಟ್ಟು ಸುಧಾರಿಸಬೇಕು. ಕಟ್ಟಿದ ಗೂಟಿಗಳೆಲ್ಲ ಬೇರು ಬಿಡುವುದಿಲ್ಲ, ಬೇಕಾದ್ದಕ್ಕಿಂತ ನಾಲ್ಕಾರು ಹೆಚ್ಚು ಕಟ್ಟುವುದು ಜಾಣತನ. ಕಡ್ಡಿ ನಾಟಿಯೂ ಸಾಧ್ಯ, ಫಲ ಇನ್ನೂ ಕಡಿಮೆ.

ಜಾಗ ಹೇಗಿರಬೇಕು? ಪೂರ್ತಿ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಉಳಿದ ವಿಷಯದಲ್ಲಿ ಕವಳಿ ತಕರಾರು ಮಾಡುವುದಿಲ್ಲ. ಗರಸು ನೆಲ, ಮರಡಿ, ಕಲ್ಲು ಬೆರೆತ ಮಸಾರಿ, ತುಸು ಸವುಳಾದ ಮಣ್ಣು, ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಬಾಗೇವಾಡಿಯಂಥ ಕಬ್ಬಿನ ಸೀಮೆಯಲ್ಲಿ ಗಿಡ ಕೆಡುವುದು ಬರದಿಂದಲ್ಲ, ನೀರು ಹೆಚ್ಚಾಗಿ. ಹಿತ್ತಲಿಗೆ ಹೊಂದಿಕೊಂಡೇ ಕಬ್ಬಿನ ಗದ್ದೆ ಇದ್ದು ಅಲ್ಲಿಂದ ನೀರು ಜಿನುಗುತ್ತಿದ್ದರೆ, ಎರೆ ಮಣ್ಣಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಮಸಾರಿ ಮಣ್ಣು, ಗರಸು, ಗೊಬ್ಬರ ಕೂಡಿಸಿ ಏರು ಹಾಕಿ, ಅದರ ಮೇಲೆ ನೆಡಬೇಕು. ಓಡಾಡುವ ದಾರಿಯಿಂದ ಬೇಲಿ ನಾಲ್ಕು ಅಡಿ ಒಳಗಿರಲಿ. ಬೆಳೆದ ಪೊದೆ ಅಷ್ಟು ಅಗಲ ಚಾಚುತ್ತದೆ, ಮುಳ್ಳು ಸೀರೆ-ಧೋತರ ನೋಡುವುದಿಲ್ಲ.

ಮಿರಗದ ಮಳೆ ನೆಲವನ್ನು ಹದ ಮಾಡಿದ ಮೇಲೆ ನಾಟಿ. ಬೇಸಿಗೆಯಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟಿರಬೇಕು. ತುಂಬುವಾಗ ಮೇಲ್ಮಣ್ಣಿನ ಜೊತೆ ಹತ್ತು ಕಿಲೊದಷ್ಟು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಮೂರು ಅಡಿ. 30 ಅಡಿಯ ಸಾಲಿಗೆ 11 ಸಸಿ ಬೇಕಾಗುತ್ತವೆ. ಒಂಟಿ ಪೊದೆಯಾಗಿ ಹಣ್ಣಿಗೇ ಬೆಳೆಸುವುದಾದರೆ ಎಂಟು-ಹತ್ತು ಅಡಿ ಬಿಡಬೇಕು. ಸಸಿ ಒಂದು ಅಡಿ ಎತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಬುಡದಲ್ಲೇ ಕವಲು ಒಡೆಯುತ್ತದೆ. ಇದನ್ನು ಮರೆತರೆ ಬೇಲಿ ಮೇಲೆ ದಟ್ಟವಾಗಿ, ಕೆಳಗೆ ಬೋಳಾಗಿ, ನಾಯಿ-ಕುರಿ ನುಸುಳುವಷ್ಟು ಸಂದಿ ಉಳಿಯುತ್ತದೆ. ಬೆಳೆದ ಮೇಲೆ ಅದನ್ನು ಮುಚ್ಚುವುದು ಕಷ್ಟ.

ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಬುಡಕ್ಕೆ ನೀರು ಕೊಟ್ಟು, ಮೇಲೆ ಕಬ್ಬಿನ ರವದಿ ಹೊದಿಸಬೇಕು. ಈ ಸೀಮೆಯಲ್ಲಿ ರವದಿಗೆ ಬರವಿಲ್ಲ. ಗದ್ದೆಯಲ್ಲಿ ಸುಡುವ ಬದಲು ನಾಲ್ಕು ಹೊರೆ ಹಿತ್ತಲಿಗೆ ತಂದರೆ ಕಳೆಯೂ ಅಡಗುತ್ತದೆ, ತೇವವೂ ಉಳಿಯುತ್ತದೆ. ಬುಡದ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಬೇಕು, ಗೆದ್ದಲಿನ ಕಾಟವಿದ್ದ ಕಡೆ ಬೇವಿನ ಹಿಂಡಿ ಉದುರಿಸಬೇಕು. ಮೂರನೆಯ ವರ್ಷದಿಂದ ಗಿಡ ಮಳೆಯ ಮೇಲೆಯೇ ಬದುಕುತ್ತದೆ. ಆದರೂ ಕಾಯಿ ಕಟ್ಟಿದ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ಎರಡು-ಮೂರು ಸಲ ನೀರುಣಿಸಿದರೆ ಹಣ್ಣಿನ ಗಾತ್ರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಬುಟ್ಟಿ ಗೊಬ್ಬರ ಹಾಕಿದರೆ ಸಾಕು; ರಾಸಾಯನಿಕ ಗೊಬ್ಬರದ ಅಗತ್ಯ ಬೇಲಿಗಿಲ್ಲ.

ಕವಳಿ ಬೇಸಾಯದಲ್ಲಿ ಹೆಚ್ಚು ಮಂದಿ ಎಡವುವುದು ಕತ್ತರಿಯ ವಿಷಯದಲ್ಲಿ. ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ, ಬಲಿತ ಚಿಗುರಿನ ಮೇಲೆ. ತಿಂಗಳಿಗೊಮ್ಮೆ ದಾರ ಹಿಡಿದಂತೆ ಕತ್ತರಿಸುವ ಬೇಲಿ ಹಸಿರು ಗೋಡೆಯಾಗಿ ಅಂದವಾಗಿ ನಿಲ್ಲುತ್ತದೆ, ಅದರಲ್ಲಿ ಹಣ್ಣು ಬಿಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಮನೆ ಸುಣ್ಣಬಣ್ಣ ಕಾಣುವಾಗ ಬೇಲಿಯನ್ನೂ ‘ಚೊಕ್ಕ’ ಮಾಡಿಬಿಟ್ಟರೆ ಮುಂದಿನ ಬೇಸಿಗೆಯ ಹಣ್ಣು ಅಲ್ಲಿಗೆ ಮುಗಿಯಿತು. ಸರಿಯಾದ ಕಾಲ ಒಂದೇ: ಕೊನೆಯ ಹಣ್ಣು ಕಿತ್ತ ಕೂಡಲೇ, ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ. ಆಗ ಮೂರನೇ ಒಂದು ಭಾಗದಷ್ಟು ಸವರಿ, ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದರೆ ಮಳೆಯಲ್ಲಿ ಬರುವ ಹೊಸ ಚಿಗುರು ಚಳಿಗಾಲದೊಳಗೆ ಬಲಿತು ಹೂವಿಗೆ ಸಜ್ಜಾಗುತ್ತದೆ. ಸವರಿದ ಮುಳ್ಳಿನ ಕಟ್ಟಿಗೆಯನ್ನು ತಿಪ್ಪೆಗೆ ಹಾಕಬಾರದು. ಒಣ ಮುಳ್ಳು ವರ್ಷಗಟ್ಟಲೆ ಕೊಳೆಯದೆ ಗೊಬ್ಬರ ಹರಡುವವರ ಕಾಲಿಗೆ ನಾಟುತ್ತದೆ. ತೋಟದ ಸಂದಿ ಮುಚ್ಚಲು ಬಳಸಬಹುದು, ಇಲ್ಲವೇ ಒಣಗಿಸಿ ಒಲೆಗೆ ಹಾಕಬಹುದು.

ರೋಗ, ಕೀಟ ಹೆಚ್ಚಿಲ್ಲ. ದಟ್ಟ ಬೇಲಿಯಲ್ಲಿ ಗಾಳಿಯಾಡದೆ ಎಲೆ ಚುಕ್ಕೆ, ರೆಂಬೆ ತುದಿ ಒಣಗುವಿಕೆ ಬರಬಹುದು. ಒಣಗಿದ ಭಾಗವನ್ನು ಹಸಿರಿನವರೆಗೆ ಕತ್ತರಿಸಿ ಸುಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಿಳಿ ಹಿಟ್ಟು ತಿಗಣೆ ಕಂಡರೆ ಬೇವಿನ ಸಾಬೂನಿನ ನೀರು. ಹಣ್ಣಿನ ನಿಜವಾದ ಪಾಲುದಾರರು ಪಿಕಳಾರ ಹಕ್ಕಿಗಳು. ಬಲೆ ಹೊದಿಸುವ ಗೋಜಿಗಿಂತ ಮೇಲಿನ ಕೊಂಬೆಗಳನ್ನು ಅವಕ್ಕೇ ಬಿಡುವುದು ಒಳ್ಳೆಯದು, ಮುಳ್ಳಿನ ನಡುವೆ ಅಷ್ಟೆತ್ತರಕ್ಕೆ ಕೈ ಹೇಗೂ ಹೋಗುವುದಿಲ್ಲ.

ಬೀಜದ ಗಿಡ ಮೂರನೆಯ ವರ್ಷ, ಗೂಟಿಯದು ಇನ್ನೂ ಮುಂಚೆ ಹಣ್ಣಿಗೆ ಬರುತ್ತದೆ; ಬಲಿತ ಪೊದೆಯಿಂದ ವರ್ಷಕ್ಕೆ ಮೂರರಿಂದ ಐದು ಕಿಲೊ ನಿರೀಕ್ಷಿಸಬಹುದು. ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಹೂ. ಉಪ್ಪಿನಕಾಯಿಗೆ ಬೇಕಾದ ಬಲಿತ ಹಸಿರು ಕಾಯಿ ಏಪ್ರಿಲ್‌ನಿಂದ, ಕಪ್ಪು ಹಣ್ಣು ಮೇ ನಡುವಿನಿಂದ. ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ, ಎರಡು-ಮೂರು ದಿನಕ್ಕೊಮ್ಮೆ ಆರಿಸಿ ಕೀಳಬೇಕು. ಪೂರ್ತಿ ಕಪ್ಪಾಗಿ, ಒತ್ತಿದರೆ ತುಸು ಮೆತ್ತಗಾಗಿ, ತೊಟ್ಟು ತಾನೇ ಬಿಡುವುದು ತಿನ್ನುವ ಹದ. ಕೆಂಪಿರುವಾಗ ಕಿತ್ತರೆ ಹುಳಿ, ಜೊತೆಗೆ ಹಾಲಿನ ಅಂಟು ತುಟಿಗೆ ಹತ್ತುತ್ತದೆ. ಜೋರು ಮಳೆ ಹಿಡಿದರೆ ಗಿಡದಲ್ಲಿರುವ ಹಣ್ಣು ಒಡೆದು ಕೊಳೆಯುತ್ತದೆ. ಮಿರಗದೊಳಗೆ ಕೊಯ್ಲು ಮುಗಿಸುವ ರೂಢಿ ಇದಕ್ಕೇ.

ಕಿತ್ತ ಹಣ್ಣು ಎರಡು-ಮೂರು ದಿನ, ಹಸಿ ಕಾಯಿ ಒಂದು ವಾರ ಇರುತ್ತದೆ. ಕಾಯಿಯನ್ನು ಅಡುಗೆಗೆ ಬಳಸುವ ಮೊದಲು ತೊಟ್ಟು ತೆಗೆದು ಉಪ್ಪುನೀರಿನಲ್ಲಿ ಒಂದೆರಡು ತಾಸು ನೆನೆಸಿದರೆ ಹಾಲು ಇಳಿದುಹೋಗುತ್ತದೆ. ಆಮೇಲೆ ಸೀಳಿ ಬೀಜ ತೆಗೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುರಿದ ಶೇಂಗಾ, ಒಂದು ತುಂಡು ಬೆಲ್ಲ ಸೇರಿಸಿ ಒರಳಲ್ಲಿ ಅರೆದರೆ ರೊಟ್ಟಿಗೆ ಚಟ್ನಿ. ಉಪ್ಪಿನಕಾಯಿಗೆ ಸಂಕೇಶ್ವರಿ ಮೆಣಸಿನಕಾಯಿಯ ಖಾರ ಒಪ್ಪುತ್ತದೆ. ಕಾಯಿಯ ಹುಳಿ ತೀಕ್ಷ್ಣವಾದದ್ದರಿಂದ ಲಿಂಬೆಹಣ್ಣು ಬೇಕಾಗುವುದಿಲ್ಲ. ತೇವ ಮಾತ್ರ ಪೂರ್ತಿ ಆರಿರಬೇಕು.

ಕವಳಿಯಲ್ಲಿ ಪೆಕ್ಟಿನ್ ಹೇರಳ, ಹಾಗಾಗಿ ಜೆಲ್ಲಿ ಮಾಡಲು ಹೊರಗಿನ ಪುಡಿ ಬೇಡ. ಮುಕ್ಕಾಲು ಭಾಗ ಕಪ್ಪು, ಕಾಲು ಭಾಗ ಕೆಂಪು ಹಣ್ಣು ತೆಗೆದುಕೊಂಡು, ಮುಳುಗುವಷ್ಟು ನೀರಿನಲ್ಲಿ ಮೆತ್ತಗಾಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ ಹಾಕಿ, ಚಮಚದಿಂದ ಬೀಳುವ ಹನಿಗಳು ಕೂಡಿ ಹಾಳೆಯಂತೆ ಜಾರುವವರೆಗೆ ಕುದಿಸಿ ಬಾಟಲಿಗೆ ತುಂಬಿದರೆ ಕಡುಗೆಂಪು ಜೆಲ್ಲಿ ಸಿದ್ಧ. ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ಕೂಡ ನಮ್ಮ ದೇಶದಲ್ಲಿ ಬಹುಪಾಲು ಬೀಜ ತೆಗೆದು, ಬಣ್ಣ ಹಾಕಿ, ದಿನದಿನಕ್ಕೆ ಗಟ್ಟಿಯಾಗಿಸಿದ ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿಯೇ. ಮನೆಯಲ್ಲಿ ಮಾಡುವಾಗ ಬಣ್ಣ ಬಿಟ್ಟುಬಿಡಬಹುದು. ಪಾಕವನ್ನು ಒಂದೇ ದಿನ ಗಟ್ಟಿ ಮಾಡಿದರೆ ಕಾಯಿ ಸುಕ್ಕುಗಟ್ಟುತ್ತದೆ. ಐದಾರು ದಿನ, ದಿನಕ್ಕೊಮ್ಮೆ ಕಾಯಿ ತೆಗೆದು ಪಾಕ ಮಾತ್ರ ಕುದಿಸಿ ಆರಿಸಿ ಮತ್ತೆ ಸುರಿಯುತ್ತ ಹೋದರೆ ಕಾಯಿ ದುಂಡಗೆ ಉಳಿಯುತ್ತದೆ.